ಮೊಗಲಾಯಿಯ ಪಾವಟಿಗೆ ಬಾವಿ

ನಾನು ಪರದೇಶಕ್ಕೆ ಹೋಗಿ ಬಂದವನು ಎಂದರೆ ನಮ್ಮ ಓಣಿಯವರು ಹಲ್ಲು ಕಿಸಿಯುತ್ತಾರೆ. ಹಡಗು ಹತ್ತಲಿಲ್ಲ, ಸಮುದ್ರ ಕಾಣಲಿಲ್ಲ, ಹುಬ್ಬಳ್ಳಿಯಲ್ಲಿ ಬೆಳಗಿನ ರೈಲು ಹತ್ತಿ ಅದೇ ದಿನ ಇಳಿದುಬಿಟ್ಟೆ, ಇದ್ಯಾವ ಸೀಮೆಯ ಪರದೇಶ ಎನ್ನುತ್ತಾರೆ. ಎನ್ನಲಿ. ಗದಗ ದಾಟಿ ಸ್ವಲ್ಪ ಹೊತ್ತಿಗೆ ದೊರೆ ಬದಲಾದ, ನಾಣ್ಯ ಬದಲಾಯಿತು, ಕಚೇರಿಯ ಭಾಷೆ ಉರ್ದು ಆಯಿತು, ಆದಿತ್ಯವಾರದ ಸೂಟಿ ಶುಕ್ರವಾರಕ್ಕೆ ಹೋಯಿತು. ಇಷ್ಟಾದ ಮೇಲೂ ಅದು ಪರದೇಶವಲ್ಲವಾದರೆ ನನಗೆ ತಿಳಿಯದು. ನಿಜಾಮರ ಆ ಸೀಮೆಗೆ ನಮ್ಮವರು ಮೊಗಲಾಯಿ ಎಂದೇ ಹೇಳುವುದು. ಬದಲಾಗದೆ ಉಳಿದದ್ದೆಂದರೆ ಕಿಟಕಿಯಾಚೆಯ ಎರೆ ನೆಲ ಮತ್ತು ರೈಲು ಡಬ್ಬಿಯೊಳಗಿನ ಕನ್ನಡ.

ನನ್ನದು ಹುಬ್ಬಳ್ಳಿಯಲ್ಲಿ ಅರಿವೆ ಅಂಗಡಿ. ಒಂದು ಅವಧಿಗೆ ಮುನ್ಸಿಪಾಲಿಟಿ ಮೆಂಬರನೂ ಆಗಿದ್ದೆ. ಆ ಗತ್ತು ಇನ್ನೂ ಇಳಿದಿಲ್ಲ ಎಂದು ಹೆಂಡತಿ ಹೇಳುತ್ತಾಳೆ. ನಮ್ಮ ಊರಿಗೆ ಕೆರೆಯ ನೀರು ನಳದಲ್ಲಿ ಬರುತ್ತದೆ. ನೀರುಪಟ್ಟಿ ಏರಿಸೋಣ ಎಂದರೆ ಸಭೆಯಲ್ಲಿ ಜಗಳ, ಹೊಸ ಓಣಿಗೆ ನಳ ಹಾಕೋಣ ಎಂದರೆ ಜಗಳ, ಗಟಾರದ ನೀರನ್ನು ಯಾರ ಹಿತ್ತಿಲ ಕಡೆಗೆ ಬಿಡುವುದು ಎಂಬಲ್ಲಿಗೆ ಬಂದರೆ ಕುರ್ಚಿ ಮೇಲೇಳುತ್ತಿದ್ದವು. ಹೀಗೆ ಜಗಳಾಡಿ ಜಗಳಾಡಿ ನೀರಿನ ವಿಷಯ ನನಗೆ ಪೂರ್ತಿ ಗೊತ್ತಿದೆ ಎಂದುಕೊಂಡಿದ್ದೆ.

ಯುದ್ಧದ ಕಾಲ. ಸುಮ್ಮನೆ ತಿರುಗಾಡುವ ದಿನಗಳಲ್ಲ. ನಾನು ಹೊರಟದ್ದು ಮಗಳಿಗಾಗಿ. ಹಿಂದಿನ ವರ್ಷ ಶಾಂತೆಯನ್ನು ನನ್ನ ಅಕ್ಕ ಗಿರಿಜವ್ವನ ಮಗನಿಗೆ ಕೊಟ್ಟಿದ್ದೆ. ಅಕ್ಕ ಕುಷ್ಟಗಿ ತಾಲೂಕಿನ ಒಂದು ಹಳ್ಳಿಯ ಗೌಡರ ಮನೆಯವಳು. ಊರಿನ ಹೆಸರು ಬರೆಯಬೇಡ ಎಂದು ಅವಳು ಆಣೆ ಹಾಕಿಸಿಕೊಂಡಿದ್ದಾಳೆ, ಬರೆಯುವುದಿಲ್ಲ. ಆ ಊರಿಗೆ ಹೊರಗಿನವರು ಹೆಣ್ಣು ಕೊಡುತ್ತಿರಲಿಲ್ಲ. ಕಾರಣ ನಾರುಹುಣ್ಣು. ಬೇಸಿಗೆ ಬಂತೆಂದರೆ ಕಾಲಲ್ಲಿ ಬೊಕ್ಕೆ ಎದ್ದು, ಒಡೆದು, ನೂಲಿನಂಥ ಹುಳ ತಲೆ ಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿಕೊಂಡು ದಿನಕ್ಕಿಷ್ಟು ಎಂದು ಎಳೆಯಬೇಕು, ಹರಿದರೆ ಕಾಲೇ ಬಾತು ಹೋಗುತ್ತದೆ. ನಮ್ಮ ಅವ್ವ ತೀರಿದ ಮೇಲೆ ನನಗೆ ಎಣ್ಣೆ ಹಚ್ಚಿ ಎರೆದವಳು ಈ ಅಕ್ಕ. ಅವಳು ಸೆರಗೊಡ್ಡಿ ಹೆಣ್ಣು ಕೇಳಿದಾಗ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಮದುವೆಯ ಹೊತ್ತಿನಲ್ಲೇ ನಮ್ಮ ಅಂಗಡಿಗೆ ಬರುವ ಡಾಕ್ಟರರೊಬ್ಬರು ತಿಳಿಸಿ ಹೇಳಿದ್ದರು. ಹುಳ ಮೈ ಹೊಗುವುದು ಕುಡಿಯುವ ನೀರಿನಿಂದ. ಹುಣ್ಣಿದ್ದವರು ನೀರಿಗಿಳಿದರೆ ಹುಳ ಅಲ್ಲಿ ಮರಿ ಬಿಡುತ್ತದೆ, ಆ ನೀರು ಕುಡಿದವರಿಗೆ ಹೆಚ್ಚುಕಡಿಮೆ ವರ್ಷದ ಮೇಲೆ ಕಾಲಲ್ಲಿ ಬರುತ್ತದೆ. ದಪ್ಪ ಅರಿವೆಯಲ್ಲಿ ಸೋಸಿ ಕುಡಿದರೆ ಉಳಿಯಬಹುದು. ಅದಕ್ಕೇ ಮಗಳ ಸೀರೆಗಳ ಜೊತೆ ಒಂದು ಅರಿವೆಯನ್ನೂ ಇಟ್ಟು ಕಳಿಸಿದ್ದೆ. ಆದರೆ ಹೊಸ ಸೊಸೆ ಅತ್ತೆಯ ಮನೆಯಲ್ಲಿ ನಿಮ್ಮ ನೀರು ನಾನು ಸೋಸಿ ಕುಡಿಯುತ್ತೇನೆ ಎನ್ನುವುದುಂಟೆ? ವರ್ಷ ತುಂಬುತ್ತ ಬಂದಂತೆ ನನಗೆ ನಿದ್ದೆ ಹತ್ತಲಿಲ್ಲ. ಬರುವುದೇ ಇದ್ದರೆ ಡಾಕ್ಟರು ಹತ್ತಿರ ಇರುವಲ್ಲಿ ಬರಲಿ, ಆ ನೀರನ್ನು ಅವಳು ಇನ್ನು ಮುಟ್ಟುವುದು ಬೇಡ ಎಂದು, ಮಗಳನ್ನು ಕರೆತರಲು ಹೊರಟೆ.

ಬನ್ನಿಕೊಪ್ಪದ ನಾಕಾ

ಗಡಿ ದಾಟಿದ ಮೇಲೆ ಕರೋಡಗಿರಿಯವರು, ಅಂದರೆ ಮೊಗಲಾಯಿಯ ಸುಂಕದವರು, ಡಬ್ಬಿ ಹತ್ತಿದರು. ನಾಕೇದಾರ ನನ್ನ ಟ್ರಂಕು ತೆಗೆಸಿದ. ಮೇಲೆಯೇ ದಪ್ಪನ್ನ ಬಿಳಿ ಅರಿವೆಯ ಸುರುಳಿ. ಹಳೆಯದು ಸವೆದಿರಬಹುದು, ಅಕ್ಕನ ಮನೆಗೆ ಇರಲಿ ಎಂದು ಹೊಸದು ಹಿಡಿದಿದ್ದೆ. ಅರಿವೆ ವ್ಯಾಪಾರಿಯ ಟ್ರಂಕಿನಲ್ಲಿ ಅರಿವೆ! ಮಾರಾಟದ ಮಾಲು ತಾನೆ ಎಂದು ಕೇಳಿದ. ಅಲ್ಲ ಸ್ವಾಮಿ, ನೀರು ಸೋಸಲಿಕ್ಕೆ ಎಂದೆ. ಡಬ್ಬಿಯವರೆಲ್ಲ ನಕ್ಕರು. ಅದರಲ್ಲಿ ಒಬ್ಬ, ಇಷ್ಟು ಅರಿವೆಯಲ್ಲಿ ತುಂಗಭದ್ರೆಯನ್ನೇ ಸೋಸಬಹುದು ಎಂದ.

ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಸಭೆಯಲ್ಲಿ ನಿಂತವನ ಹಾಗೆ ಮಾತಾಡುತ್ತೇನೆ. ನಾರುಹುಣ್ಣು, ಹುಳ, ಡಾಕ್ಟರು ಎಂದು ಶುರುಮಾಡಿದೆ. ನಾಕೇದಾರ ಕೈ ಮಾಡಿ ನನ್ನನ್ನು ತಡೆದು, ಯಾವ ಊರಿಗೆ ಎಂದು ಕೇಳಿದ. ಹೇಳಿದೆ. ಅವನು ಬಗ್ಗಿ ತನ್ನ ಪಾಯಜಾಮೆಯ ತುದಿ ಮೇಲಕ್ಕೆತ್ತಿದ. ಮೀನಖಂಡದ ಮೇಲೆ ಸುಟ್ಟ ಹಾಗಿನ ಕಲೆ.

"ಕುಷ್ಟಗಿ ಕಡೆ ನೌಕರಿ ಮಾಡೀನ್ರಿ. ಇದು ಅಲ್ಲಿಯ ಬಕ್ಷೀಸು. ನಿಮ್ಮ ಅರಿವಿ ನೀವು ಒಯ್ಯಿರಿ," ಎಂದ. ಟ್ರಂಕನ್ನು ತಾನೇ ಮುಚ್ಚಿದ. ಡಬ್ಬಿಯಲ್ಲಿ ಆಮೇಲೆ ಯಾರೂ ನಗಲಿಲ್ಲ.

ಕೊಪ್ಪಳದಿಂದ ಯಲಬುರ್ಗಿಗೆ

ಕೊಪ್ಪಳದ ಸ್ಟೇಶನ್ನಿನಿಂದ ಮುಂದೆ ಮೋಟಾರು. ಪೆಟ್ರೋಲು ಯುದ್ಧಕ್ಕೆ ಹೋಗಿತ್ತು. ಮೋಟಾರಿನ ಬೆನ್ನಿಗೆ ಒಂದು ದೊಡ್ಡ ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಿಂದ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎಂಬುದು ಮರ್ಯಾದೆಯ ಮಾತು. ಏರು ಬಂದಲ್ಲೆಲ್ಲ ಇಳಿದು ನೂಕಬೇಕು. ಹುಬ್ಬಳ್ಳಿಯಿಂದ ಉಟ್ಟು ಬಂದ ನನ್ನ ಬಿಳಿ ಧೋತರ ಯಲಬುರ್ಗಿ ಮುಟ್ಟುವಷ್ಟರಲ್ಲಿ ಕಮ್ಮಾರನ ಅಂಗಿಯ ಬಣ್ಣಕ್ಕೆ ಬಂತು.

ನನ್ನ ಪಕ್ಕದಲ್ಲಿ ನೂಕುತ್ತಿದ್ದವರು ಮಂಗಳೂರಿನ ಮುದುಕರೊಬ್ಬರು. ಕಡಲ ದಂಡೆಯ ಮಂಗಳೂರಲ್ಲ, ಯಲಬುರ್ಗಿ ಸೀಮೆಯದು. ಸರಕಾರ ಈಗ ಹಳ್ಳಿಗಳಿಗೆ ಸೇದುವ ಬಾವಿ ಮಾಡಿಸಿಕೊಡುತ್ತಿದೆಯಂತಲ್ಲ, ನಿಮ್ಮೂರಿಗೆ ಬಂತೇ ಎಂದು ಕೇಳಿದೆ. ಅವರು ನೂಕುವುದನ್ನು ಬಿಟ್ಟು ನಿಂತರು. ಕೊಪ್ಪಳ, ಯಲಬುರ್ಗಿ ಜಹಗೀರಿನ ಊರುಗಳು, ಅಂದರೆ ನಿಜಾಮರು ಸರದಾರರಿಗೆ ಬಿಟ್ಟುಕೊಟ್ಟವು, ಕುಷ್ಟಗಿ, ಗಂಗಾವತಿ ನೇರ ಸರಕಾರದವು ಎಂದರು. ಸರಕಾರದ ಹಣದ ಬಾವಿ ಸರಕಾರದ ಹಳ್ಳಿಗೆ, ಜಹಗೀರಿನ ಹಳ್ಳಿ ತನ್ನ ಜಹಗೀರಿನ ಕಡೆಗೇ ನೋಡಬೇಕು. ಅವರ ಹೊಲದ ಬದುವಿನಾಚೆ ಸರಕಾರದ ಹಳ್ಳಿಯಂತೆ. ಅಲ್ಲಿ ಬಾವಿಗೆ ಹಗ್ಗ ಹಾಕಿ ಸೇದುವ ಗಡಗಡಿ ಹಾಕಿದ್ದಾರೆ, ಅದರ ಸಪ್ಪಳ ಇಲ್ಲಿಗೆ ಕೇಳುತ್ತದೆ ಎಂದರು. ನಮ್ಮಲ್ಲೂ ಮುನ್ಸಿಪಾಲಿಟಿಯ ಹದ್ದು ಮುಗಿದಲ್ಲಿ ನಳ ಮುಗಿಯುತ್ತದೆ. ಆಚೆ ಮನೆಯವರು ಈಚೆ ಮನೆಯವರ ನಳಕ್ಕೆ ಕೊಡ ಹಿಡಿದು ಬರುತ್ತಾರೆ. ಅದನ್ನು ಹೇಳಿದೆ. ಹಂಗಾರ ಎಲ್ಲಾ ಕಡೆ ಒಂದ ಹಣೆಬರಹ ಅನ್ನಿರಿ ಎಂದು ಮುದುಕರು ಮತ್ತೆ ಮೋಟಾರಿಗೆ ಹೆಗಲು ಕೊಟ್ಟರು.

ಅಕ್ಕನ ಊರು

ಯಲಬುರ್ಗಿಗೆ ಅಕ್ಕನ ಮನೆಯ ಬಂಡಿ ಬಂದಿತ್ತು. ಊರು ಸೇರಿದಾಗ ದೀಪ ಹಚ್ಚುವ ಹೊತ್ತು. ಅಕ್ಕ ಹೊಸ್ತಿಲ ಒಳಗೆ ಕೂತಿದ್ದಳು. ತಮ್ಮ ಬಂದ ಎಂದು ಮುಖವೆಲ್ಲ ನಗೆ, ಆದರೆ ಏಳಲಿಲ್ಲ. ಪಾದಕ್ಕೆ ಅರಿವೆ ಸುತ್ತಿತ್ತು. ಮೂರನೆಯ ವರ್ಷ ಇದು ಎಂದಳು, ವರ್ಷವೂ ಬರುವ ನೆಂಟನ ಸುದ್ದಿ ಹೇಳಿದ ಹಾಗೆ. ಶಾಂತೆ ನೀರು, ಬೆಲ್ಲ ತಂದಳು. ನಾನು ತಂಬಿಗೆ ತೆಗೆದುಕೊಳ್ಳದೆ ಅವಳ ಕಾಲು ನೋಡಿದೆ. ಕಾಲುಂಗುರ, ಅರಿಶಿನ, ಮತ್ತೇನಿಲ್ಲ. ಆಮೇಲೆ ತಂಬಿಗೆಯೊಳಗೆ ಇಣುಕಿದೆ. ಅಕ್ಕ ನೋಡಿಬಿಟ್ಟಳು.

"ಕುಡಿ, ಸೋಸೇತಿ. ನಿನ್ನ ಮಗಳು ಬಂದ ದಿನದಿಂದ ಆಕಿ ಕುಡಿಯೋ ಕೊಡ ನಾನ ಸೋಸಿ ಇಡತೀನಿ. ಎರಡು ಮಡಿಕಿ ಅರಿವಿ ಹಾಕಿ."

ಮತ್ತೆ ನಿನಗೆ ಎಂದೆ. ಮನೆ ತುಂಬ ಜನ, ಆಳುಮಕ್ಕಳು, ಅಷ್ಟು ನೀರನ್ನು ಸೋಸುತ್ತ ಕೂತರೆ ರೊಟ್ಟಿ ಬಡಿಯುವವರು ಯಾರು ಎಂದಳು. ತಂಬಿಗೆ ಎತ್ತಿ ಕುಡಿದೆ. ಆದರೂ ಬಂದ ಕಾರಣ ಹೇಳಿದೆ. ಅಕ್ಕ ಸಿಟ್ಟಾಗಲಿಲ್ಲ. ಶನಿವಾರ ಬಾವಿ ಖಾತೆಯ ಸಾಹೇಬರು ಬರುತ್ತಾರೆ, ಈ ಸುತ್ತಿನಲ್ಲಿ ಒಂದೇ ಊರಿಗೆ ಬಾವಿಯ ಕೆಲಸ, ಯಾವ ಊರು ಎಂದು ಅವರು ನೋಡಿ ಗೊತ್ತುಮಾಡುತ್ತಾರೆ ಎಂದಳು.

"ಅಲ್ಲಿತನಕ ತಡಿ. ನಮಗ ಬಾವಿ ಆದರ ಶಾಂತಿ ಇಲ್ಲೇ ಇರಲಿ. ಆಗಲಿಲ್ಲಂದ್ರ ನಾನ ಬಂಡಿ ಕಟ್ಟಿಸಿ ಕಳಸ್ತೀನಿ. ಸಣ್ಣ ಹುಡುಗಿ, ಆಕಿನ್ನ ನನ್ನಂಗ ಕುಂಡ್ರಸೂದು ಬ್ಯಾಡ."

ಶಾಂತೆ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವಳಿಗೆ ಗಂಡನ ಮನೆ ಬಿಟ್ಟು ಬರುವ ಮನಸ್ಸಿಲ್ಲ ಎಂದು ನಿಂತ ರೀತಿಯಿಂದಲೇ ನನಗೆ ಗೊತ್ತಾಯಿತು.

ಶುಕ್ರವಾರ

ಬೆಳಿಗ್ಗೆ ಬಾವಿ ನೋಡಲು ಹೋದೆ. ಸುಳ್ಳು ಯಾಕೆ, ಅಷ್ಟು ಚಂದದ ಬಾವಿ ನಾನು ನೋಡಿಲ್ಲ. ಮಾವನ ಅಜ್ಜ ಕಟ್ಟಿಸಿದ್ದು. (ಅಕ್ಕನ ಗಂಡನಿಗೆ ನಾವು ಮಾವ ಎನ್ನುವವರು. ಈಗ ಬೀಗರೂ ಹೌದು.) ನೀರಿನವರೆಗೆ ಇಳಿಯುವ ಅಗಲವಾದ ಕಲ್ಲಿನ ಪಾವಟಿಗೆಗಳು, ಒಂದೊಂದೂ ಜನ ಕೂತು ಊಟ ಮಾಡುವಷ್ಟು. ಹೆಂಗಸರು ಮಾತಾಡುತ್ತ ಇಳಿದು, ಮೊಣಕಾಲುಮಟ್ಟ ನೀರಲ್ಲಿ ನಿಂತು, ಕೈಯಿಂದ ಮೇಲಿನ ಕಸ ಸರಿಸಿ, ಕೊಡ ಮುಳುಗಿಸುತ್ತಾರೆ. ಹುಣ್ಣಿನ ಕಾಲಿಗೆ ತಣ್ಣೀರು ಹಿತ. ಹಾಗಾಗಿ ಕುಂಟುವವರು ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. ನನಗೆ ಡಾಕ್ಟರರ ಮಾತು ನೆನಪಾಯಿತು.

ಅಂದು ಕಚೇರಿಗಳಿಗೆ ಸೂಟಿ, ಊರಿಗೆ ಮಾತ್ರ ಇಲ್ಲ. ಸಾಹೇಬರು ಬರುತ್ತಾರೆಂದು ಓಣಿಗೆಲ್ಲ ಸೆಗಣಿ ನೀರು ಹೊಡೆದರು, ಗೋಡೆಗೆ ಸುಣ್ಣ ಬಳಿದರು. ಬಾವಿಯ ಪಾಚಿ ತೆಗೆದು, ಪಾವಟಿಗೆ ತೊಳೆದು, ಬಾಯಿಗೆ ಮಾವಿನ ತೋರಣ ಕಟ್ಟಿದರು. ನನಗೆ ನಗು ಬಂತು. ನಮ್ಮಲ್ಲೂ ಕಲೆಕ್ಟರ ಸಾಹೇಬರು ಬರುವ ದಿನ ಗಟಾರದ ಎರಡೂ ಮಗ್ಗಲು ಸುಣ್ಣದ ಗೆರೆ ಎಳೆಯುತ್ತಿದ್ದೆವು. ಅವರು ಗೆರೆ ನೋಡಿ ಹೋಗುತ್ತಿದ್ದರು, ಗಟಾರ ನಮಗೇ ಉಳಿಯುತ್ತಿತ್ತು.

ಆದರೆ ಮಧ್ಯಾಹ್ನದ ಹೊತ್ತಿಗೆ ನಗು ನಿಂತಿತು. ಕಾಲು ಹುಣ್ಣಾದವರನ್ನೆಲ್ಲ ಬಂಡಿಯಲ್ಲಿ ಕೂಡಿಸಿ ಹೊಲದ ಗುಡಿಸಲುಗಳಿಗೆ ಕಳಿಸುತ್ತಿದ್ದರು. ನಡೆಯಲಾರದ ಮುದುಕಿಯರನ್ನು ಹಿತ್ತಿಲ ಕೋಣೆಗೆ ಸೇರಿಸುತ್ತಿದ್ದರು. ಮಾವನನ್ನು ಪಕ್ಕಕ್ಕೆ ಕರೆದು, ಅವರು ನೋಡಲು ಬರುವುದೇ ಈ ರೋಗವನ್ನು, ನೀವು ಅದನ್ನೇ ಬಚ್ಚಿಟ್ಟರೆ ಹೇಗೆ ಎಂದೆ. ಮಾವ ಒಳ್ಳೆಯವರು, ಆದರೆ ತಲೆಯ ರುಮಾಲಿನಷ್ಟೇ ಬಿಗಿ.

"ಬಂದ ಅತಿಥಿಗೆ ಹುಣ್ಣು ಬಿಚ್ಚಿ ತೋರಸೂದೇನ್ರಿ ಬೀಗರ? ಊರು ಛಲೋ ಕಂಡರ ಸಾಹೇಬ್ರಿಗೆ ಮನಸ್ಸು ಬರತೈತಿ. ಮತ್ತ ನಾಳೆ ಈ ಸುದ್ದಿ ತಾಲೂಕ ತುಂಬಾ ಆದರ ನಮ್ಮ ಹುಡುಗರಿಗೆ ಹೆಣ್ಣು ಕೊಡಾವ್ರು ಯಾರು?"

ಹೆಣ್ಣು ಕೊಟ್ಟವನ ಮುಂದೆಯೇ ಈ ಮಾತು! ಹಿತ್ತಿಲ ಕೋಣೆ ಸೇರಿದವರಲ್ಲಿ ಅಕ್ಕನೂ ಇದ್ದಳು.

ಶನಿವಾರ

ಸಾಹೇಬರು ಗಂಗಾವತಿ ಕಡೆಯಿಂದ ತಿರುಗುತ್ತ ಬಂದಿದ್ದರು. ರಾಯಚೂರಿನವರು, ಅರ್ಧ ಉರ್ದು ಬೆರೆತ ಕನ್ನಡ, ಮೃದು ಮಾತು. ನಾನು ಮಾಜಿ ಮೆಂಬರನೆಂದು ತಿಳಿದು ಪ್ರೀತಿಯಿಂದ ಮಾತಾಡಿಸಿದರು. ನಿಮ್ಮಲ್ಲಿ ನೀರಿಗೆ ಜನ ಪಟ್ಟಿ ಕೊಡುತ್ತಾರೆ, ಹಾಗಾಗಿ ಬಯ್ಯುವ ಹಕ್ಕೂ ಇದೆ. ಇಲ್ಲಿ ಸರಕಾರ ವರ್ಷಕ್ಕಿಷ್ಟು ಎಂದು ತಾಲೂಕಿಗೆ ತೆಗೆದಿಡುತ್ತದೆ, ಕೇಳುವ ಊರು ನೂರೆಂಟು, ಎಲ್ಲಿ ಹುಣ್ಣು ಹೆಚ್ಚೋ ಅಲ್ಲಿಗೆ ಮೊದಲು ಎಂಬುದೊಂದೇ ನನ್ನ ತಕ್ಕಡಿ ಎಂದರು. ಗಂಗಾವತಿಯವರಿಗೆ ಕಾಲುವೆಯಾದರೂ ಇದೆ, ಇಲ್ಲಿ ಬಾವಿ ಬಿಟ್ಟರೆ ಗತಿಯಿಲ್ಲ ಎಂದೂ ಅಂದರು.

ತಕ್ಕಡಿ ಎಂಬ ಮಾತು ಕೇಳಿ ನಾನು ಮಾವನ ಕಡೆ ನೋಡಿದೆ. ಮಾವ ಸಾಹೇಬರನ್ನು ಸುಣ್ಣದ ಓಣಿಯಲ್ಲಿ ನಡೆಸಿಕೊಂಡು ಹೋದರು. ಬಾಗಿಲಿಗೊಂದು ರಂಗೋಲಿ, ಕಟ್ಟೆಗೊಬ್ಬ ಗಟ್ಟಿಮುಟ್ಟಾದ ಆಳು. ಬಾವಿಯ ತೋರಣದ ಕೆಳಗೆ ಸಾಹೇಬರು ಬಹಳ ಹೊತ್ತು ನಿಂತು, ಕಲ್ಲಿನ ಕೆಲಸವನ್ನು ಹೊಗಳಿದರು. ಹುಣ್ಣಿನವರು ಎಷ್ಟು ಜನ ಎಂದು ಕೇಳಿದ್ದಕ್ಕೆ ಮಾವ, ಎಲ್ಲೋ ಒಬ್ಬಿಬ್ಬರು, ದೇವರ ದಯದಿಂದ ಊರು ಸುಖವಾಗಿದೆ ಎಂದರು. ಹಿಂದೆ ನಿಂತ ಹಿರಿಯರೆಲ್ಲ ತಲೆ ಆಡಿಸಿದರು.

ಗೌಡರ ಮನೆಯ ಕಟ್ಟೆಗೆ ಬಂದು ಕೂತು ಸಾಹೇಬರು ಸಂತೋಷದಿಂದಲೇ ತೀರ್ಮಾನ ಹೇಳಿದರು. "ಗೌಡ್ರ, ನಿಮ್ಮ ಊರು ಭಾಳ ಛಲೋ ಐತಿ. ನಿಮಗ ಸರಕಾರದ ಬಾವಿ ಜರೂರತ್ ಇಲ್ಲ. ಈ ಸಲ ಬ್ಯಾರೆ ಊರಿಗೆ ಕೊಡೋಣು."

ಹಿರಿಯರ ಮುಖ ನೋಡಬೇಕಿತ್ತು. ಹೊಗಳಿಸಿಕೊಂಡು ಸೋತವರ ಮುಖ. ಅಲ್ಲ ಸಾಹೇಬರೇ ಎಂದರೆ ಹೇಳಿದ್ದು ಸುಳ್ಳಾಗುತ್ತದೆ, ಸುಮ್ಮನಿದ್ದರೆ ಬಾವಿ ಹೋಗುತ್ತದೆ. ನಾನು ಹೇಳಿಬಿಡಲೇ ಎಂದು ಎರಡು ಸಲ ಎದ್ದೆ. ಪರವೂರ ಬೀಗ ಹತ್ತು ಜನರ ಮುಂದೆ ಗೌಡನನ್ನು ಸುಳ್ಳುಗಾರ ಎಂದರೆ, ಆಮೇಲೆ ಆ ಮನೆಯಲ್ಲಿ ಬಾಳುವವಳು ನನ್ನ ಮಗಳು. ಮತ್ತೆ ಕೂತೆ. ಶಾಂತೆಯ ಟ್ರಂಕು ಕಟ್ಟಿಸುವುದೊಂದೇ ಉಳಿದದ್ದು ಎಂದುಕೊಂಡೆ.

ಅಷ್ಟರಲ್ಲಿ ಆಳು ನೀರು, ಬೆಲ್ಲ ತಂದಿಟ್ಟ. ಬೆಳಗಿದ ಹಿತ್ತಾಳೆಯ ತಂಬಿಗೆ. ಸಾಹೇಬರು ಬೆಲ್ಲ ಬಾಯಿಗೆ ಹಾಕಿಕೊಂಡು ತಂಬಿಗೆ ಎತ್ತಿದರು.

"ಆ ನೀರು ಕುಡೀಬ್ಯಾಡ್ರಿ ಸಾಹೇಬ್ರ."

ಅಕ್ಕ. ಹಿತ್ತಿಲಿಂದ ಗೋಡೆ ಹಿಡಿದು ಬಂದಿದ್ದಳು. ಒಂದು ಕೈ ಶಾಂತೆಯ ಹೆಗಲ ಮೇಲೆ. ಪರಪುರುಷರ ಮುಂದೆ ಒಂದು ದಿನವೂ ಹೊಸ್ತಿಲಿಗೆ ಬಂದವಳಲ್ಲ. ನೀರು ಕೇಳಿದ ವೈರಿಗೂ ಇಲ್ಲ ಎನ್ನದ ಸೀಮೆ ನಮ್ಮದು. ಕೊಟ್ಟ ನೀರನ್ನು ಅತಿಥಿಯ ಬಾಯಿಯಿಂದ ತಪ್ಪಿಸುವುದನ್ನು ನಾನು ಅಂದೇ ನೋಡಿದ್ದು.

ಅವಳು ಸೆರಗು ಮುಂದೆಳೆದುಕೊಂಡು ಹೊಸ್ತಿಲ ಮೇಲೆ ಕೂತಳು. ಪಾದದ ಅರಿವೆ ಬಿಚ್ಚಿದಳು. ಕಡ್ಡಿಗೆ ಸುತ್ತಿದ ಹುಳ ಎಲ್ಲರಿಗೂ ಕಂಡಿತು.

"ಅದು ಸೋಸಿದ ನೀರಲ್ಲರಿ. ನೀವು ಕುಡದ್ರ ಬರೋ ವರ್ಷ ನಿಮಗೂ ಹಿಂಗ ಆಗತೈತಿ. ನಮ್ಮ ಮನಿಯಾವ್ರು ಮರ್ಯಾದಿಗೆ ಅಂಜಿ ಹೇಳಲಿಲ್ಲ. ನನಗ ಈ ಹುಡುಗಿ ಕಾಲಿನ ಅಂಜಿಕಿ."

ಸಾಹೇಬರು ತಂಬಿಗೆಯನ್ನು ಮೆಲ್ಲಗೆ ಕೆಳಗಿಟ್ಟರು. ಆಮೇಲೆ ತಗ್ಗಿದ ದನಿಯಲ್ಲಿ, ಇನ್ನೂ ಯಾರಿದ್ದಾರಮ್ಮ ಎಂದು ಅಕ್ಕನನ್ನೇ ಕೇಳಿದರು. ಅಕ್ಕ ಗಂಡನ ಕಡೆ ನೋಡಿದಳು. ಮಾವ ಎದ್ದು ನಿಂತರು. ರುಮಾಲು ಸರಿಮಾಡಿಕೊಂಡು, ಆಳನ್ನು ಕರೆದು, ಹೊಲಕ್ಕೆ ಬಂಡಿ ಕಳಿಸು, ಎಲ್ಲರನ್ನೂ ಕರಕೊಂಡು ಬಾ ಎಂದರು. ಅಷ್ಟು ಹೇಳುವುದು ಅವರಿಗೆ ಎಷ್ಟು ಕಷ್ಟವಾಯಿತು ಎಂದು ನನಗೆ ಗೊತ್ತು. ಆ ಹೊತ್ತಿಗೆ ನನಗೆ ಅವರ ಮೇಲೆ ಪ್ರೀತಿ ಉಕ್ಕಿತು.

ಒಬ್ಬೊಬ್ಬರೇ ಬಂದರು. ಕೋಲು ಊರಿಕೊಂಡು, ಗೋಡೆ ಹಿಡಿದುಕೊಂಡು, ಮಕ್ಕಳ ಹೆಗಲೇರಿ. ರಂಗೋಲಿಯೆಲ್ಲ ಕಾಲಿಗೆ ಹತ್ತಿ ಅಳಿಸಿಹೋಯಿತು.

ಹೊರಡುವ ಮುನ್ನ

ಸಾಹೇಬರು ಅಂದು ಅಲ್ಲೇ ಉಳಿದು, ಕೆಲಸ ಈ ಊರಿಗೇ ಎಂದು ಗೊತ್ತುಮಾಡಿದರು. ಹೊಸ ಬಾವಿ ತೋಡುವಷ್ಟು ಈ ವರ್ಷದ ಗಂಟಿನಲ್ಲಿಲ್ಲ, ಬೇಕೂ ಇಲ್ಲ ಎಂದರು. ಇದೇ ಬಾವಿಯ ಪಾವಟಿಗೆ ಕಿತ್ತು, ದಾರಿ ಮುಚ್ಚಿ, ಸುತ್ತ ಗೋಡೆ ಎಬ್ಬಿಸಿ, ಮೇಲೆ ಗಡಗಡಿ ಹಾಕುವುದು. ಕೆಳಗೆ ಇಳಿಯಲು ಯಾರಿಗೂ ಹಾದಿ ಇರಕೂಡದು. ಗೌಂಡಿ, ಗಾರೆ, ಗಡಗಡಿ ಸರಕಾರದ್ದು. ಕಲ್ಲು ಮತ್ತು ಮೈ ಕೆಲಸ ಊರಿನದು. ಚೆಲ್ಲಿದ ನೀರು ಕಟ್ಟೆಯ ಬುಡದಲ್ಲಿ ನಿಲ್ಲದಂತೆ ದೂರಕ್ಕೆ ಒಂದು ಗಟಾರ. ಗಟಾರದ ಮಾತು ಬಂದಾಗ ನಾನೂ ಸುಮ್ಮನಿರಲಿಲ್ಲ, ಅದು ಯಾರ ಹಿತ್ತಿಲಿಗೂ ಹೋಗದ ಹಾಗೆ ದಾರಿ ತೋರಿಸಿದೆ. ಮುನ್ಸಿಪಾಲಿಟಿ ಮೆಂಬರನಾದದ್ದಕ್ಕೆ ಜನ್ಮದಲ್ಲಿ ಒಮ್ಮೆ ಉಪಯೋಗವಾಯಿತು.

ಹೆಂಗಸರು ಗೊಣಗಿದರು. ಇಳಿದು ತುಂಬುವುದು ಸುಲಭ, ಸೇದಿದರೆ ರಟ್ಟೆ ಹೋಗುತ್ತದೆ ಎಂದರು. ಸುಳ್ಳಲ್ಲ. ಅಕ್ಕ ಒಂದೇ ಮಾತು ಹೇಳಿದಳು: "ಕೈ ನೊಂದರ ಎಣ್ಣಿ ಹಚ್ಚಿಕೊಳ್ಳೋಣು. ಈ ಕಾಲಿಗೆ ಏನ ಹಚ್ಚತೀರಿ?"

ಗೌಂಡಿ ಬರುವವರೆಗೂ ಮಾವ ಕಾಯಲಿಲ್ಲ. ನಾನು ಹೊರಡುವ ಬೆಳಿಗ್ಗೆ ತೋರಣ ಇನ್ನೂ ಬಾಡಿರಲಿಲ್ಲ, ಹಾರೆ ಹಿಡಿದು ಬಾವಿಗೆ ಹೋದರು. ಅಜ್ಜ ಇಟ್ಟ ಮೇಲಿನ ಕಲ್ಲಿಗೆ ಕೈಮುಗಿದು, ತಾವೇ ಅದನ್ನು ಮೀಟಿ ಎಬ್ಬಿಸಿದರು. ಎರಡನೆಯ ಕಲ್ಲಿಗೆ ಊರೇ ಬಂತು.

ಬಂಡಿ ನನಗೊಬ್ಬನಿಗೇ ಕಟ್ಟಿದರು. ಶಾಂತೆ ಬುತ್ತಿ ಗಂಟು ಕೊಟ್ಟು, "ಬರೋದಾದ್ರ ಹಗ್ಗ ತಗೊಂಡು ಬಾ ಅಪ್ಪಾ, ಇಲ್ಲಿದು ಕೈ ಕೊಯ್ಯತೈತಿ," ಎಂದಳು. ಹೊಸ ಅರಿವೆಯನ್ನು ಅಕ್ಕನ ಕೈಯಲ್ಲಿಟ್ಟು, ಗಡಗಡಿ ಬರುವವರೆಗೆ ನಿನ್ನ ನೀರನ್ನೂ ಸೋಸಿಕೋ ಎಂದೆ.

ಮರುವರ್ಷ

ಬನ್ನಿಕೊಪ್ಪದಲ್ಲಿ ಅದೇ ನಾಕೇದಾರ. ಈ ಸಲ ಅರಿವೆ ಇಲ್ಲವೇ ಎಂದು ಕೇಳಿ ಟ್ರಂಕು ತೆಗೆಸಿದ. ಒಳಗೆ ಹತ್ತಿಯ ಮೆತ್ತನ್ನ ಹಗ್ಗದ ಸಿಂಬಿ. ಅದನ್ನು ಮುಟ್ಟಿ ನೋಡಿ, ಏನೂ ಕೇಳದೆ ನಕ್ಕು ಮುಚ್ಚಿದ.

ಊರ ಹೊರಗೇ ಗಡಗಡಿಯ ಸಪ್ಪಳ ಕೇಳಿತು. ನಾನು ಬಂಡಿ ನಿಲ್ಲಿಸಿ ಸ್ವಲ್ಪ ಹೊತ್ತು ಕೇಳಿದೆ. ಅಕ್ಕ ಹೊಸ್ತಿಲ ಒಳಗೆ ಕೂತಿದ್ದಳು, ಪಾದಕ್ಕೆ ಮತ್ತೆ ಅರಿವೆ. ನನ್ನ ಮುಖ ಬಾಡಿದ್ದು ಕಂಡು, ಇದು ಹಳೆ ಬಾವಿಯ ಬಾಕಿ, ಬರುವ ವರ್ಷ ಇದೂ ಇಲ್ಲ ಎಂದು ತಾನೇ ನನಗೆ ಸಮಾಧಾನ ಹೇಳಿದಳು.

ಶಾಂತೆ ನೀರು, ಬೆಲ್ಲ ಹಿಡಿದು ಬಂದಳು. ನಾನು ಕೈ ಚಾಚಲಿಲ್ಲ. ಅವಳಿಗೆ ತಿಳಿಯಿತು. ತಂಬಿಗೆಯನ್ನು ಕೆಳಗಿಟ್ಟು, ಸೀರೆಯ ನೆರಿಗೆಯನ್ನು ಸ್ವಲ್ಪ ಮೇಲೆತ್ತಿ, ಎರಡೂ ಪಾದ ಜೋಡಿಸಿ ನಿಂತಳು.

"ನೋಡಪ್ಪಾ," ಎಂದಳು.

ನೋಡಿದೆ. ಆಮೇಲೆ ನೀರು ಕುಡಿದೆ.